ಜಾನ್ ವೆಸ್ಲಿ

ಜಾನ್ ವೆಸ್ಲಿ (ಹಳೆಯ ಕ್ಯಾಲೆಂಡರಿನಂತೆ ಜೂನ್ 17, 1703 – ಮಾರ್ಚ್ 2, 1791) ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಪಾದ್ರಿ, ಪ್ರಸಂಗಕಾರ ಹಾಗೂ ಮೆಥಡಿಸ್ಟ್ ಚಳವಳಿಯ ಪ್ರವರ್ತಕರು. ಧರ್ಮಗುರುವಾದ ನಂತರವೂ ಮರಣಭಯ ಅವರನ್ನು ಬಿಟ್ಟಿರಲಿಲ್ಲ. ಸಮುದ್ರದ ಬಿರುಗಾಳಿಯೊಂದರಲ್ಲಿ ಇತರರಲ್ಲಿ ಕಂಡ ಶಾಂತಿಯನ್ನು ಅರಸಿ ಹೊರಟದ್ದು ಅವರ ಜೀವನದ ದಿಕ್ಕನ್ನೇ ಬದಲಿಸಿತು.

ಜನನ ಮತ್ತು ಶಿಕ್ಷಣ

ವೆಸ್ಲಿಯವರು ಲಿಂಕನ್‌ಶೈರ್‌ನ ಎಪ್‌ವರ್ತ್‌ನಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ಅಲ್ಲಿನ ಸಭಾಪಾಲಕರು, ತಾಯಿ ಸುಸಾನಾ. 1709ರಲ್ಲಿ ಮನೆಗೆ ಬೆಂಕಿ ಬಿದ್ದಾಗ 5 ವರ್ಷದ ಬಾಲಕನು ಮೇಲಂತಸ್ತಿನಲ್ಲಿ ಸಿಕ್ಕಿಕೊಂಡನು. ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಿಟಕಿಯ ಮೂಲಕ ಅವನನ್ನು ಹೊರತೆಗೆದರು. 1720ರಲ್ಲಿ ಆಕ್ಸ್‌ಫರ್ಡ್‌ ಸೇರಿದ ವೆಸ್ಲಿ, 1726ರಲ್ಲಿ ಲಿಂಕನ್ ಕಾಲೇಜಿನ ಫೆಲೋ ಆದರು. ತಮ್ಮ ಚಾರ್ಲ್ಸ್ ಮತ್ತು ಗೆಳೆಯರೊಡನೆ ಉಪವಾಸ, ಪ್ರಾರ್ಥನೆ, ಸೆರೆಮನೆಯ ಭೇಟಿ ಮೊದಲಾದವುಗಳನ್ನು ಕಟ್ಟುನಿಟ್ಟಾಗಿ ಆಚರಿಸಿದರು. ಈ ಕ್ರಮಬದ್ಧತೆಯನ್ನು ಹಾಸ್ಯಮಾಡಲು ಇತರರು ಇಟ್ಟ ಹೆಸರೇ ಮೆಥಡಿಸ್ಟ್.

ಬಿರುಗಾಳಿ ಮತ್ತು ಜಾರ್ಜಿಯಾ

1735ರ ಅಕ್ಟೋಬರಿನಲ್ಲಿ ಸಹೋದರರಿಬ್ಬರೂ ಸಿಮ್ಮಂಡ್ಸ್ ಎಂಬ ಹಡಗಿನಲ್ಲಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಹೊರಟರು. ಅದೇ ಹಡಗಿನಲ್ಲಿ ಜರ್ಮನಿಯ ಮೊರೇವಿಯನ್ ಪಂಥದ 26 ಮಂದಿಯಿದ್ದರು. 1736ರ ಜನವರಿಯಲ್ಲಿ ಅವರು ಆರಾಧನೆಯಲ್ಲಿ ಕೀರ್ತನೆ ಹಾಡುತ್ತಿದ್ದಾಗ ಭಾರಿ ಅಲೆಯೊಂದು ಮುಖ್ಯ ಹಾಯಿಯನ್ನು ಹರಿದು, ಹಡಗಿನೊಳಕ್ಕೆ ನುಗ್ಗಿತು. ಇಂಗ್ಲಿಷ್ ಪ್ರಯಾಣಿಕರು ಚೀರಾಡಿದರು. ಮೊರೇವಿಯನ್ನರು ಹಾಡು ನಿಲ್ಲಿಸಲಿಲ್ಲ. ಅವರ ಹೆಂಗಸರು, ಮಕ್ಕಳೂ ಸಾಯಲು ಹೆದರುವುದಿಲ್ಲವೆಂದು ತಿಳಿದು ವೆಸ್ಲಿ ಬೆರಗಾದರು. ಬೋಧಕರಾಗಿದ್ದ ತಮ್ಮಲ್ಲಿಯೇ ಆ ಧೈರ್ಯವಿಲ್ಲವೆಂಬ ಅರಿವು ಅವರನ್ನು ಕಾಡಿತು.

ಜಾರ್ಜಿಯಾದ ಸೇವೆ ವಿಫಲವಾಯಿತು. ತಾವು ಪ್ರೀತಿಸಿದ್ದ ಸೋಫಿಯಾ ಹಾಪ್ಕಿ ಬೇರೊಬ್ಬರನ್ನು ವಿವಾಹವಾದ ಮೇಲೆ ವೆಸ್ಲಿ ಆಕೆಗೆ ಕರ್ತನ ಭೋಜನವನ್ನು ನಿರಾಕರಿಸಿದರು. ಇದು ಮೊಕದ್ದಮೆಗೆ ಕಾರಣವಾಗಿ, 1737ರ ಡಿಸೆಂಬರಿನಲ್ಲಿ ಅವರು ವಸಾಹತನ್ನು ತೊರೆಯಬೇಕಾಯಿತು.

ಆಲ್ಡರ್ಸ್‌ಗೇಟ್ ಅನುಭವ

ಲಂಡನ್ನಿಗೆ ಮರಳಿದ ವೆಸ್ಲಿಯವರಿಗೆ ಮೊರೇವಿಯನ್ ಬೋಧಕ ಪೀಟರ್ ಬೋಲರ್ ಅವರ ಪರಿಚಯವಾಯಿತು. ರಕ್ಷಣೆಯು ಸ್ವಂತ ಸತ್ಕಾರ್ಯಗಳ ಫಲವಲ್ಲ, ನಂಬಿಕೆಯಿಂದ ಸ್ವೀಕರಿಸುವ ವರ ಎಂದು ಬೋಲರ್ ವಾದಿಸಿದರು. 1738ರ ಮೇ 24ರ ಸಂಜೆ ಆಲ್ಡರ್ಸ್‌ಗೇಟ್ ಬೀದಿಯ ಕೂಟಕ್ಕೆ ವೆಸ್ಲಿ ಮನಸ್ಸಿಲ್ಲದೆ ಹೋದರು. ಅಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಓದಲಾಗುತ್ತಿತ್ತು. ಅದನ್ನು ಕೇಳುತ್ತಿದ್ದಾಗ ಕ್ರಿಸ್ತನು ತಮ್ಮ ಪಾಪಗಳನ್ನೂ ಪರಿಹರಿಸಿದ್ದಾನೆಂಬ ಭರವಸೆ ಮೂಡಿತೆಂದು ಅವರು ದಿನಚರಿಯಲ್ಲಿ ದಾಖಲಿಸಿದ್ದಾರೆ. ಸಂಶಯಗಳು ಅಂದೇ ಅಳಿಯಲಿಲ್ಲ. ಮುಂದಿನ ತಿಂಗಳುಗಳ ದಿನಚರಿಯಲ್ಲಿಯೂ ಒಳತೋಟಿ ಕಾಣುತ್ತದೆ.

ಬಯಲು ಪ್ರಸಂಗ ಮತ್ತು ವಿರೋಧ

ಅನೇಕ ಚರ್ಚುಗಳು ಬಾಗಿಲು ಮುಚ್ಚಿದಾಗ, ಜಾರ್ಜ್ ವೈಟ್‌ಫೀಲ್ಡ್ ಅವರ ಕರೆಯಂತೆ ವೆಸ್ಲಿ 1739ರ ಏಪ್ರಿಲ್‌ನಲ್ಲಿ ಬ್ರಿಸ್ಟಲ್ ಬಳಿ ಬಯಲಿನಲ್ಲಿ ಬೋಧಿಸಲಾರಂಭಿಸಿದರು. ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಕಾರ್ಮಿಕರು ಅವರ ಶ್ರೋತೃಗಳಾದರು. 1743ರಲ್ಲಿ ವೆಡ್ನೆಸ್‌ಬರಿಯಲ್ಲಿ ಉದ್ರಿಕ್ತ ಗುಂಪು ಅವರನ್ನು ಗಂಟೆಗಟ್ಟಲೆ ಎಳೆದಾಡಿತು. ವೆಸ್ಲಿ ಎದೆಗುಂದದೆ ಮಾತನಾಡಿ, ಪ್ರಾರ್ಥಿಸಿದರು; ಕಡೆಗೆ ಗುಂಪಿನ ಮುಖಂಡನೇ ಅವರ ರಕ್ಷಣೆಗೆ ನಿಂತನು. ಹಡಗಿನಲ್ಲಿ ತಮಗಿಲ್ಲವೆಂದು ಕೊರಗಿದ್ದ ಶಾಂತಿಯನ್ನು ಇಲ್ಲಿ ಅವರಲ್ಲಿಯೇ ಇತರರು ಕಂಡರು. 1751ರಲ್ಲಿ ಮೇರಿ ವ್ಯಾಜೀಲ್ ಅವರೊಡನೆ ಆದ ವಿವಾಹವು ಮಾತ್ರ ಸುಖಕರವಾಗಲಿಲ್ಲ.

ಕೊನೆಯ ದಿನಗಳು

ಇಳಿವಯಸ್ಸಿನಲ್ಲಿಯೂ ಸಂಚಾರ ನಿಲ್ಲಲಿಲ್ಲ. ಗುಲಾಮಗಿರಿಯನ್ನು ಖಂಡಿಸುತ್ತಿದ್ದ ಅವರು, ಸಾಯುವ ಕೆಲವೇ ದಿನಗಳ ಮೊದಲು ವಿಲಿಯಂ ವಿಲ್ಬರ್‌ಫೋರ್ಸ್ ಅವರಿಗೆ ಹೋರಾಟ ಮುಂದುವರಿಸುವಂತೆ ಪತ್ರ ಬರೆದರು. 87ನೆಯ ವಯಸ್ಸಿನಲ್ಲಿ, ಲಂಡನ್ನಿನ ಸಿಟಿ ರಸ್ತೆಯ ಮನೆಯಲ್ಲಿ, ಸ್ನೇಹಿತರ ಪ್ರಾರ್ಥನೆಯ ನಡುವೆ ಶಾಂತವಾಗಿ ಕಣ್ಮುಚ್ಚಿದರು.

ಕರ್ನಾಟಕದ ನಂಟು

ವೆಸ್ಲಿ ಭಾರತಕ್ಕೆ ಬಂದವರಲ್ಲ. ಅವರ ಅನುಯಾಯಿಗಳ ವೆಸ್ಲಿಯನ್ ಮಿಷನ್ 19ನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದಲ್ಲಿ ಶಾಲೆ, ಮುದ್ರಣಾಲಯಗಳನ್ನು ನಡೆಸಿತು. ಈ ಪರಂಪರೆಯ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು.