ಅಂಬೇಡ್ಕರ್ ಮತ್ತು ಚವದಾರ ಕೆರೆಯ ವ್ಯಾಜ್ಯ

ಡಾ. ಭೀಮರಾವ್ ರಾಮಜಿ ಅಂಬೇಡ್ಕರ್ ಅವರು 1891ರ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಜನಿಸಿದರು. ಶಾಲೆಯಲ್ಲಿ ಜವಾನನು ಮೇಲಿನಿಂದ ಹೊಯ್ದರೆ ಮಾತ್ರ ಅವರಿಗೆ ನೀರು. ಅವನಿಲ್ಲದ ದಿನ ಬಾಯಾರಿಕೆಯೇ ಗತಿ. ಕೊಲಂಬಿಯಾ ಹಾಗೂ ಲಂಡನ್ನಿನಲ್ಲಿ ಉನ್ನತ ವ್ಯಾಸಂಗ ಮುಗಿಸಿ, ಬ್ಯಾರಿಸ್ಟರ್ ಆಗಿ 1923ರಲ್ಲಿ ಅವರು ಮುಂಬಯಿಗೆ ಮರಳಿದರು.

ಅದೇ ವರ್ಷ ಎಸ್. ಕೆ. ಬೋಲೆಯವರು ಮಂಡಿಸಿದ ಠರಾವೊಂದನ್ನು ಮುಂಬಯಿ ಶಾಸನ ಪರಿಷತ್ತು ಅಂಗೀಕರಿಸಿತು. ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂಬುದು ಅದರ ಆಶಯ. ಅಂದು ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳ ಕನ್ನಡಿಗರೂ ಅದರ ವ್ಯಾಪ್ತಿಯಲ್ಲಿದ್ದರು. ಕೊಲಾಬಾ ಜಿಲ್ಲೆಯ ಮಹಾಡ ಪುರಸಭೆಯು 1924ರಲ್ಲಿ ಚವದಾರ ಕೆರೆಯನ್ನು ಎಲ್ಲರಿಗೂ ತೆರೆಯಲು ಒಪ್ಪಿತು. ಆದರೆ ಆ ಒಪ್ಪಿಗೆ ಕಾಗದದಲ್ಲಿಯೇ ಉಳಿಯಿತು.

1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ಶಾಂತವಾಗಿ ನಡೆದು ಹೋಗಿ ಆ ಕೆರೆಯ ನೀರನ್ನು ಕುಡಿದರು. ಹಿಂತಿರುಗುತ್ತಿದ್ದವರ ಮೇಲೆ ಹಲ್ಲೆಯಾಯಿತು; ಪ್ರತೀಕಾರಕ್ಕೆ ಸಿದ್ಧರಾದವರನ್ನು ಅವರೇ ತಡೆದರು. ಸವರ್ಣೀಯರು ಪಂಚಗವ್ಯದಿಂದ ಕೆರೆಯನ್ನು 'ಶುದ್ಧಿ' ಮಾಡಿದರು. ಆಗಸ್ಟ್‌ನಲ್ಲಿ ಪುರಸಭೆ ತನ್ನ ಠರಾವನ್ನು ಹಿಂತೆಗೆದುಕೊಂಡಿತು. ಡಿಸೆಂಬರಿನಲ್ಲಿ ಸತ್ಯಾಗ್ರಹಕ್ಕೆಂದು ಜನ ಮತ್ತೆ ನೆರೆಯುವ ಹೊತ್ತಿಗೆ ವಿರೋಧಿಗಳು ಕೆರೆ ಖಾಸಗಿಯದೆಂದು ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಪಡೆದಿದ್ದರು. ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಡಲಾಯಿತು. ಆದರೆ ನ್ಯಾಯಾಲಯದ ಆಜ್ಞೆಯನ್ನು ಮೀರುವುದು ಬೇಡವೆಂದು ಅಂಬೇಡ್ಕರರು ಸಭೆಯ ಮನವೊಲಿಸಿದರು. ಜನರು ನೀರು ಮುಟ್ಟದೆ ಮೆರವಣಿಗೆ ನಡೆಸಿ ಚದುರಿದರು.

ಆ ಸಂಯಮದ ಬೆಲೆ ಸುಮಾರು ಹತ್ತು ವರ್ಷಗಳ ವ್ಯಾಜ್ಯ. 1931ರಲ್ಲಿ ಮೊದಲ ನ್ಯಾಯಾಲಯ, 1933ರಲ್ಲಿ ಮೇಲ್ಮನವಿ ನ್ಯಾಯಾಲಯ, 1937ರ ಮಾರ್ಚ್ 17ರಂದು ಮುಂಬಯಿ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತವು. ಆದರೂ ಗೆಲುವಿನ ಆಧಾರ ಕಿರಿದು. ಅನಾದಿಕಾಲದಿಂದ ನಿರ್ಬಂಧದ ರೂಢಿಯಿತ್ತೆಂಬುದನ್ನು ವಾದಿಗಳು ರುಜುವಾತುಪಡಿಸಲಿಲ್ಲವೆಂದಷ್ಟೇ ಉಚ್ಚ ನ್ಯಾಯಾಲಯ ಹೇಳಿತು. ಅಂಥ ರೂಢಿ ನ್ಯಾಯಸಮ್ಮತವೇ ಎಂಬ ಪ್ರಶ್ನೆಯನ್ನು ಅದು ನಿರ್ಣಯಿಸಲಿಲ್ಲ. ರೂಢಿ ರುಜುವಾತಾಗಿದ್ದರೆ ಏನಾಗುತ್ತಿತ್ತು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದಲ್ಲಿ. 15ನೆಯ ವಿಧಿ ಕೆರೆಬಾವಿಗಳ ಬಳಕೆಯಲ್ಲಿ ಜಾತಿಭೇದವನ್ನು ನಿಷೇಧಿಸಿತು; 17ನೆಯದು ಅಸ್ಪೃಶ್ಯತೆಯನ್ನು ರದ್ದುಪಡಿಸಿತು; 19ನೆಯದು ನಿರಾಯುಧರಾಗಿ ಶಾಂತಿಯುತವಾಗಿ ಸಭೆ ಸೇರುವುದನ್ನು ಹಕ್ಕಾಗಿಸಿತು. ರೂಢಿಯ ಪ್ರಾಚೀನತೆಗೆ ಅಲ್ಲಿ ಬೆಲೆಯಿಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಅವರು, ಸಂವಿಧಾನದ ಮಾರ್ಗಗಳು ತೆರೆದಿರುವಾಗ ಸತ್ಯಾಗ್ರಹವನ್ನು ಕೈಬಿಡಬೇಕೆಂದರು. ಅದು ಪ್ರತಿಭಟನೆಯನ್ನು ಅರಿಯದವರ ಉಪದೇಶವಲ್ಲ. ಕೆರೆಯ ದಡದಿಂದ ಬಾಯಾರಿದ ಜನರನ್ನು ಹಿಂದಕ್ಕೆ ಕರೆದೊಯ್ದು, ತೀರ್ಪಿಗಾಗಿ ದಶಕ ಕಾಲ ಕಾದವರ ಮಾತು. ಮಾರ್ಗ ತೆರೆದಿರಬೇಕೆಂಬ ನಿಬಂಧನೆಯೂ ಅದರಲ್ಲಿದೆ. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ಅವರು ನಿಧನರಾದರು. ಆ ನಿಬಂಧನೆಯನ್ನು ಪಾಲಿಸುವ ಹೊಣೆ ಪ್ರಭುತ್ವದ ಮೇಲೆ ಉಳಿಯಿತು.