ಕೊಲೆಯಿಲ್ಲದ ಥ್ರಿಲ್ಲರ್ ಬರೆದ ತ್ರಿವೇಣಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ತ್ರಿವೇಣಿ ಗೊತ್ತು. ಕನ್ನಡ ಪತ್ರಿಕೆಯ ಕಾವ್ಯನಾಮಗಳ ಪಟ್ಟಿಯಲ್ಲಿ ಅವರು ಸಿಗುತ್ತಾರೆ. ತ್ರಿವೇಣಿ ಎಂದರೆ ಅನಸೂಯಾ ಶಂಕರ್. ಹೊಂದಿಸಿ ಬರೆದರೆ ಒಂದು ಅಂಕ. ಅಲ್ಲಿಗೆ ನಮ್ಮ ತಲೆಮಾರಿನ ಬಹುತೇಕರಿಗೆ ಅವರ ಪರಿಚಯ ಮುಗಿದುಹೋಗುತ್ತದೆ. ನನ್ನ ಪಾಲಿಗೆ ಅದು ಮುಗಿಯದೇ ಉಳಿದದ್ದಕ್ಕೆ ಕಾರಣ ನಾಲ್ಕು ತಾಲ್ಲೂಕುಗಳ ನಾಲ್ವರು ಗೆಳತಿಯರ ಒಂದು ಜಗಳ.

ನಾನು ನ್ಯಾಮತಿಯವಳು. ಉಳಿದ ಮೂವರು ಹೊನ್ನಾಳಿ, ಚನ್ನಗಿರಿ, ಜಗಳೂರಿನವರು. ದಾವಣಗೆರೆಯ ಕೋಚಿಂಗ್ ಕ್ಲಾಸಿನಲ್ಲಿ ಜೊತೆಯಾದೆವು. ಕ್ಲಾಸ್ ಮುಗಿದು ಊರು ಸೇರಿದ ಮೇಲೂ ಪುಸ್ತಕಗಳು ನಮ್ಮ ನಡುವೆ ಕೈ ಬದಲಾಗುತ್ತಲೇ ಇವೆ. ಸಂವಿಧಾನದ ವಿಧಿ, ಅರ್ಥಶಾಸ್ತ್ರದ ಅಂಕಿ ಓದಿ ಓದಿ ತಲೆ ಬಿಸಿಯಾದಾಗ ಕಾದಂಬರಿ ಬೇಕಾಗುತ್ತದೆ. ಚನ್ನಗಿರಿಯವಳು ಥ್ರಿಲ್ಲರ್ ಬಿಟ್ಟರೆ ಬೇರೇನೂ ಮುಟ್ಟಳು. ಅವರ ಮನೆಯ ಅಟ್ಟದಲ್ಲಿ ಎನ್. ನರಸಿಂಹಯ್ಯನವರ ಹಳೆಯ ಪತ್ತೇದಾರಿ ಕಾದಂಬರಿಗಳಿವೆ. ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳ ಕನ್ನಡ ಅನುವಾದಗಳೂ ಇವೆ. ಜಗಳೂರಿನವಳಿಗೆ ಪ್ರೇಮಕಥೆಯೇ ಆಗಬೇಕು. ಯಾವುದು ಓದಲು ಯೋಗ್ಯ ಎಂಬ ವಿಷಯಕ್ಕೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಯುದ್ಧ.

ನನ್ನ ಅಭಿಪ್ರಾಯ ಹೇಳುತ್ತೇನೆ. ನರಸಿಂಹಯ್ಯನವರನ್ನು ಓದಲು ಮಜಾ ಇದೆ. ಶಾಲೆಯಲ್ಲಿ ನಾಲ್ಕನೇ ತರಗತಿಯಾಚೆ ಓದದ ಮನುಷ್ಯ ನೂರಾರು ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಒಂದಿಡೀ ಪೀಳಿಗೆಗೆ ಓದುವ ಚಟ ಹತ್ತಿಸಿದರಲ್ಲ, ಅದಕ್ಕೆ ಕೈ ಮುಗಿಯಬೇಕು. ಆದರೆ ಕಳ್ಳ ಯಾರೆಂದು ತಿಳಿದ ಮೇಲೆ ಆ ಪುಸ್ತಕವನ್ನು ಮತ್ತೆ ತೆರೆಯಲು ನನಗೆ ಮನಸ್ಸಾಗುವುದಿಲ್ಲ. ಪ್ರೇಮ ಕಾದಂಬರಿಗಳ ಕಷ್ಟ ಇದಕ್ಕೆ ತದ್ವಿರುದ್ಧ. ಹತ್ತನೇ ಪುಟದಲ್ಲಿ ಜಗಳವಾಡಿದ ಹುಡುಗ ಹುಡುಗಿ ಕೊನೇ ಪುಟದಲ್ಲಿ ಹಾರ ಬದಲಾಯಿಸುತ್ತಾರೆ ಎಂದು ಮೊದಲೇ ಗೊತ್ತು. ನಡುವಿನ ಇನ್ನೂರು ಪುಟ ಬಸ್ಸಿಗೆ ಕಾದಂತೆ ಕಾಯಬೇಕು. ಇದನ್ನೇ ಬರೆದು ಹಾಕಿದಾಗ ಹೊನ್ನಾಳಿಯವಳು, ತನ್ನ ಅಮ್ಮ ಕಾಪಾಡಿಕೊಂಡು ಬಂದಿದ್ದ ಎರಡು ಪುಸ್ತಕಗಳನ್ನು ಏನೂ ಹೇಳದೆ ಕಳಿಸಿದಳು. ‘ಬೆಳ್ಳಿಮೋಡ’ ಮತ್ತು ‘ಶರಪಂಜರ’.

ಎರಡನ್ನೂ ನಾಲ್ಕು ದಿನದಲ್ಲಿ ಮುಗಿಸಿದೆ. ಮುಗಿಸಿದ ಮೇಲೆ ಇದನ್ನು ಬರೆದವರು ಯಾರು, ಹೇಗೆ ಬದುಕಿದ್ದರು ಎಂಬ ಕುತೂಹಲ ಶುರುವಾಯಿತು.

ತ್ರಿವೇಣಿ ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಮಂಡ್ಯದಲ್ಲಿ. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಮನೆಯಲ್ಲಿಟ್ಟ ಹೆಸರು ಭಾಗೀರಥಿ. ಶಾಲೆಗೆ ಸೇರುವಾಗ ಅನಸೂಯಾ ಆದರು. ಬರೆಯತೊಡಗಿದಾಗ ತ್ರಿವೇಣಿ ಆದರು. ಒಂದು ನದಿಯ ಹೆಸರಿನಿಂದ ಹೊರಟು ಮೂರು ನದಿಗಳ ಸಂಗಮಕ್ಕೆ ಬಂದು ನಿಂತಂತಾಯಿತು. ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದ ಬಿ.ಎಂ. ಶ್ರೀಕಂಠಯ್ಯನವರು ಅವರಿಗೆ ದೊಡ್ಡಪ್ಪ. ‘ಶುಭಮಂಗಳ’, ‘ಎರಡು ಕನಸು’ ಬರೆದ ವಾಣಿ ಅದೇ ಬಳಗದವರು. ತಂಗಿ ಆರ್ಯಾಂಬ ಪಟ್ಟಾಭಿ ಕೂಡ ಕಾದಂಬರಿಗಾರ್ತಿಯಾದರು. ಬರೆಯುವುದು ಆ ಮನೆಯಲ್ಲಿ ವಿಚಿತ್ರ ಸಂಗತಿಯಾಗಿರಲಿಲ್ಲ. ಹೆಣ್ಣುಮಕ್ಕಳು ನೋಟ್‌ಬುಕ್ ಹಿಡಿದು ಕೂತರೆ ಯಾರಿಗೆ ಪತ್ರ ಎಂದು ಕೇಳುವ ಮನೆಗಳು ಇವತ್ತಿಗೂ ಇವೆ. ಹಾಗಾಗಿ ಇದು ಸಣ್ಣ ಅದೃಷ್ಟವಲ್ಲ.

ನನಗೆ ಮುಖ್ಯವೆನಿಸಿದ ವಿಷಯ ಬೇರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಓದಿದ್ದು ಮನಶ್ಶಾಸ್ತ್ರ. 1947ರಲ್ಲಿ, ಅಂದರೆ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಚಿನ್ನದ ಪದಕದೊಂದಿಗೆ ಬಿ.ಎ. ಮುಗಿಸಿದರು. ಮೈಸೂರಿನಲ್ಲಿ ಆ ವಿಭಾಗವನ್ನು 1924ರಲ್ಲಿ ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿ ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬರಲು ಕಾರಣರಾದವರೂ ಅವರೇ. (ಇದೂ ಒಂದು ಅಂಕದ ಪ್ರಶ್ನೆಯೇ, ಬರೆದಿಟ್ಟುಕೊಳ್ಳಿ.) ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೆ ಕಾರಣ ಹುಡುಕಬಹುದು, ಚಿಕಿತ್ಸೆ ಕೊಡಬಹುದು ಎಂಬ ತಿಳಿವಳಿಕೆ ಆಗ ಕಾಲೇಜಿನ ಗೋಡೆ ದಾಟಿ ಊರಿಗೆ ಬಂದಿರಲಿಲ್ಲ. ಊರಿನಲ್ಲಿ ಇದ್ದದ್ದು ದೆವ್ವ, ಮಾಟ, ಪೂರ್ವಜನ್ಮದ ಕರ್ಮ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದದ್ದು 1954ರಲ್ಲಿ. ಅದು ನಿಮ್ಹಾನ್ಸ್ ಆದದ್ದು 1974ರಲ್ಲಿ. ತ್ರಿವೇಣಿ ಬರೆದದ್ದೆಲ್ಲ ನಿಮ್ಹಾನ್ಸ್ ಎಂಬ ಹೆಸರೇ ಇಲ್ಲದ ಕಾಲದಲ್ಲಿ.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾಗಿ ಮೈಸೂರಿನಲ್ಲೇ ನೆಲೆಸಿದರು. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. ಅಲ್ಲಿಂದ ಮುಂದೆ ಅವರಿಗೆ ಸಿಕ್ಕಿದ್ದು ಹತ್ತೇ ವರ್ಷ. ಅಷ್ಟರಲ್ಲಿ ಸುಮಾರು 20 ಕಾದಂಬರಿ, ಮೂರು ಕಥಾ ಸಂಕಲನ. ‘ಸೋತು ಗೆದ್ದವಳು’, ‘ಕೀಲುಗೊಂಬೆ’, ‘ಹೂವು ಹಣ್ಣು’, ‘ಮುಚ್ಚಿದ ಬಾಗಿಲು’, ‘ಬೆಕ್ಕಿನ ಕಣ್ಣು’, ‘ದೂರದ ಬೆಟ್ಟ’... ಹೆಸರುಗಳನ್ನು ಒಂದಾದ ಮೇಲೊಂದು ಓದುತ್ತಾ ಹೋದರೇ ಒಂದು ಮನೆಯೊಳಗೆ ನಡೆದಂತಾಗುತ್ತದೆ. ವರ್ಷಕ್ಕೆ ಎರಡು ಕಾದಂಬರಿ! ನಮಗೆ ಒಂದು ಪ್ರಬಂಧ ಬರೆಯಲು ಒಂದು ವಾರ ಬೇಕು.

ಇನ್ನು ಕಾದಂಬರಿಗೆ ಬರುತ್ತೇನೆ. ‘ಬೆಳ್ಳಿಮೋಡ’ ಮೇಲ್ನೋಟಕ್ಕೆ ಅಪ್ಪಟ ಪ್ರೇಮಕಥೆ. ಕಾಫಿ ತೋಟದ ಶ್ರೀಮಂತನ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಬೇಕಾದ ಹುಡುಗ ಮೋಹನ್. ಅವನನ್ನು ವಿದೇಶಕ್ಕೆ ಕಳಿಸಿ ಓದಿಸುವವರು ಇಂದಿರಾಳ ಅಪ್ಪನೇ. ಅವನು ಅಲ್ಲಿರುವಾಗ ಈ ಮನೆಯಲ್ಲಿ ತೀರಾ ತಡವಾಗಿ ಒಂದು ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ ಕೂಡಲೇ ಹುಡುಗನ ಪ್ರೀತಿಯ ಬಣ್ಣ ಬದಲಾಗುತ್ತದೆ. ಮುಂದೆ ಅವನು ಗಾಯಗೊಂಡು ಅವಳದೇ ಆರೈಕೆಯಲ್ಲಿ ಇರಬೇಕಾಗಿ ಬರುತ್ತದೆ. ಅವಳ ಗುಣ ಅವನಿಗೆ ಆಗ ಕಾಣಿಸುತ್ತದೆ. ಮದುವೆಯಾಗೋಣ ಎನ್ನುತ್ತಾನೆ. ಇಲ್ಲಿ ಇಂದಿರಾ ಒಪ್ಪಬೇಕು. ನಾವು ಓದಿದ ಪ್ರೇಮ ಕಾದಂಬರಿಗಳ ಲೆಕ್ಕದಲ್ಲಿ ಒಪ್ಪಲೇಬೇಕು. ಅವಳು ಒಪ್ಪುವುದಿಲ್ಲ. ಕೂಗಾಡುವುದೂ ಇಲ್ಲ, ಸೇಡು ತೀರಿಸಿಕೊಳ್ಳುವುದೂ ಇಲ್ಲ. ಅವಳ ಪಾಲಿಗೆ ಆ ಪ್ರೀತಿ ಮುಗಿದಿದೆ, ಅಷ್ಟೇ. ಜಗಳೂರಿನ ಗೆಳತಿಗೆ ಈ ಅಂತ್ಯ ಸ್ವಲ್ಪವೂ ಹಿಡಿಸಲಿಲ್ಲ. ಅವನು ಬದಲಾಗಿದ್ದನಲ್ಲ ಎಂದು ಅವಳ ವಾದ. ಬದಲಾದವನು ಅವನು, ಅದರ ಖರ್ಚು ಇವಳು ಯಾಕೆ ಕೊಡಬೇಕು ಎಂದು ನನ್ನದು. ಮದುವೆ ಮಾತುಕತೆ ಎಂದರೆ ಏನೇನು ಲೆಕ್ಕ ನಡೆಯುತ್ತದೆ ಎಂದು ನಮ್ಮ ಕಡೆಯ ಹುಡುಗಿಯರಿಗೆ ಹೇಳಿಕೊಡಬೇಕಾಗಿಲ್ಲ. ಎಷ್ಟು ಎಕರೆ ಅಡಿಕೆ, ಹುಡುಗನಿಗೆ ಸರ್ಕಾರಿ ನೌಕರಿ ಇದೆಯೇ, ಹುಡುಗಿಗೆ ಅಣ್ಣ ತಮ್ಮ ಎಷ್ಟು ಜನ. ಮೋಹನ್ ನಮಗೆ ಅಪರಿಚಿತನಲ್ಲ.

‘ಶರಪಂಜರ’ವನ್ನು ಮಾತ್ರ ನಾನು ಥ್ರಿಲ್ಲರ್ ಎಂದೇ ಕರೆಯುತ್ತೇನೆ. ಚನ್ನಗಿರಿಯವಳು ನಕ್ಕಳು. ಒಂದು ಕೊಲೆ ಇಲ್ಲ, ಪೊಲೀಸ್ ಇಲ್ಲ, ಎಂಥ ಥ್ರಿಲ್ಲರ್ ಎಂದಳು. ಓದಿದ ಮೇಲೆ ಅವಳೂ ಸುಮ್ಮನಾದಳು. ಕಾವೇರಿ ಚೆಲುವೆ, ಬುದ್ಧಿವಂತೆ, ಪ್ರೀತಿಸುವ ಗಂಡನಿದ್ದಾನೆ. ಹೆರಿಗೆಯ ನಂತರ ಅವಳ ಮನಸ್ಸಿನ ಆಯ ತಪ್ಪುತ್ತದೆ. ಮದುವೆಗೆ ಮುಂಚಿನ ಒಂದು ನೋವು ಒಳಗೇ ಕೊಳೆಯುತ್ತಿದ್ದದ್ದು ಆಗ ಹೊರಗೆ ಬರುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಬೇರೆಯವರಾಗಿದ್ದರೆ ಇಲ್ಲಿಗೆ ಶುಭಂ ಹಾಕುತ್ತಿದ್ದರು. ತ್ರಿವೇಣಿಯವರಿಗೆ ನಿಜವಾದ ಕಥೆ ಇಲ್ಲಿಂದ ಶುರು. ಅವಳು ಜೋರಾಗಿ ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಿಟ್ಟು ಮಾಡಿಕೊಂಡರೆ ಮತ್ತೆ ಶುರುವಾಯಿತು ಎನ್ನುತ್ತಾರೆ. ಮಗುವನ್ನು ಎತ್ತಿಕೊಳ್ಳಲು ಹೋದರೆ ಯಾರೋ ಎಳೆದುಕೊಳ್ಳುತ್ತಾರೆ. ಗಂಡ ದೂರವಾಗಿದ್ದಾನೆ, ಅವನ ಬದುಕಿನಲ್ಲಿ ಇನ್ನೊಬ್ಬಳು ಬಂದಿದ್ದಾಳೆ. ಗುಣವಾದವಳನ್ನು ಗುಣವಾಗಿರಲು ಇವರು ಬಿಡುತ್ತಾರೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಪತ್ತೇದಾರಿ ಕಾದಂಬರಿಯಲ್ಲಿ ಅಪರಾಧಿಯನ್ನು ಕೊನೆವರೆಗೂ ಮುಚ್ಚಿಡುತ್ತಾರೆ. ಇಲ್ಲಿ ಅಪರಾಧಿಗಳೆಲ್ಲ ಮೊದಲಿನಿಂದಲೂ ನಡುಮನೆಯಲ್ಲೇ ಕೂತು ಕಾಫಿ ಕುಡಿಯುತ್ತಿರುತ್ತಾರೆ. ನಮ್ಮ ಕೈಯಲ್ಲಿ ತಡೆಯಲಾಗುವುದಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಬಳಗದ ಒಬ್ಬರ ನೆನಪು ಬಿಡಲಿಲ್ಲ. ಜಗಳೂರು ಸೀಮೆಯ ಒಂದು ಹಳ್ಳಿಗೆ ಅವರನ್ನು ಮದುವೆ ಮಾಡಿ ಕೊಟ್ಟಿದ್ದರು. ಎರಡನೇ ಹೆರಿಗೆಯ ನಂತರ ನಿದ್ದೆ ಬಿಟ್ಟರು, ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ಅಜ್ಜಿಯರು ಬಾಣಂತಿ ಸನ್ನಿ ಎಂದರು. ಒಂದು ತಿಂಗಳು ನಿಂಬೆಹಣ್ಣು, ತಾಯತ ನಡೆಯಿತು. ಆಮೇಲೆ ಆಸ್ಪತ್ರೆ, ಮಾತ್ರೆ. ಮೂರು ತಿಂಗಳಲ್ಲಿ ಚೆನ್ನಾಗಿಯೇ ಆದರು. ಇದು ನಡೆದು ಹದಿನಾಲ್ಕು ವರ್ಷವಾಗಿದೆ. ಮೆಕ್ಕೆಜೋಳದ ಹೊಲ, ಎರಡು ಎಮ್ಮೆ, ಇಬ್ಬರು ಮಕ್ಕಳ ಓದು ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಆದರೂ ಮದುವೆ ಮುಂಜಿಯಲ್ಲಿ ಅವರು ಸ್ವಲ್ಪ ದನಿ ಏರಿಸಿದರೆ ಹಿಂದಿನಿಂದ ಒಬ್ಬರಾದರೂ ಹಣೆ ಹತ್ತಿರ ಬೆರಳು ತಿರುಗಿಸಿ ತೋರಿಸುತ್ತಾರೆ. ಅವರಿಗೆ ನಾನು ಪುಸ್ತಕ ಕೊಟ್ಟಿಲ್ಲ. ಕೊಡಬೇಕಾದದ್ದು ಬೆರಳು ತಿರುಗಿಸುವವರಿಗೆ.

1950ರ ದಶಕದಲ್ಲಿ ಇಂಥದ್ದನ್ನು ಬರೆದವರಿಗೆ ದೊಡ್ಡ ಮನ್ನಣೆ ಸಿಕ್ಕಿರಬೇಕು ಎಂದುಕೊಂಡರೆ ಹಾಗಾಗಲಿಲ್ಲ. ಓದುಗರಿಗೇನೋ ಕೊರತೆ ಇರಲಿಲ್ಲ. ಆದರೆ ಹೆಂಗಸರು ಬರೆದ ಕಾದಂಬರಿಗಳನ್ನು ಅಡುಗೆಮನೆ ಸಾಹಿತ್ಯ ಎಂದು ಪಕ್ಕಕ್ಕೆ ಸರಿಸುವ ಗತ್ತು ವಿಮರ್ಶೆಯಲ್ಲಿ ಬಹುಕಾಲ ಇತ್ತು. ಕಾವೇರಿಯ ಕಥೆ ನಡೆಯುವುದು ಮನೆಯೊಳಗೇ, ನಿಜ. ಹಾಗೆಂದು ಅದು ಸಣ್ಣ ಕಥೆ ಹೇಗಾಗುತ್ತದೆ?

ದೋಷಗಳೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ನಾನು ಓದಿದಷ್ಟರಲ್ಲಿ ಅವರ ನಾಯಕಿಯರು ಚೆಲುವೆಯರು. ಮನೆಗಳು ಬಹುಪಾಲು ಹಳೆ ಮೈಸೂರಿನ ಓದಿದ ಮಧ್ಯಮ ವರ್ಗದವು. ನಮ್ಮ ಕಡೆಯ ಹೊಲ, ತೋಟ, ಕೂಲಿ, ಬರಗಾಲಕ್ಕೆ ಅಲ್ಲಿ ಜಾಗವಿಲ್ಲ. ಮಾತುಗಳು ಎಷ್ಟು ನಯವೆಂದರೆ, ಜಗಳವಾಡುವಾಗಲೂ ಯಾರೂ ವ್ಯಾಕರಣ ತಪ್ಪುವುದಿಲ್ಲ. ಕೆಲವು ಕಡೆ ಮನಶ್ಶಾಸ್ತ್ರದ ಪಾಠ ಕಥೆಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ. ಆದರೂ ಪುಟ ತಿರುಗಿಸದೆ ಇರಲಾಗುವುದಿಲ್ಲ. ನಾನು ಈಚೆಗೆ ಮೊಬೈಲಿನಲ್ಲಿ ಓದಿದ ಮೂರು ಥ್ರಿಲ್ಲರ್‌ಗಳ ಹೆಸರೂ ಈಗ ನೆನಪಿಲ್ಲ. ಕಾವೇರಿ ಮಗುವಿನ ಕಡೆ ಕೈ ಚಾಚಿದ್ದು ಮರೆಯಲಾಗಿಲ್ಲ.

1963ರಲ್ಲಿ ತ್ರಿವೇಣಿ ತಾಯಿಯಾದರು. ಹೆಣ್ಣುಮಗು. ಹೆರಿಗೆಯಾಗಿ ಹತ್ತು ದಿನಕ್ಕೆ, ಜುಲೈ 29ರಂದು, ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ತೀರಿಕೊಂಡರು. 35 ತುಂಬಲು ಇನ್ನೂ ಒಂದು ತಿಂಗಳಿತ್ತು. ಬಾಣಂತನದಲ್ಲಿ ಹೆಣ್ಣಿನ ಮನಸ್ಸು ಒಡೆಯುವುದನ್ನು ಕನ್ನಡದಲ್ಲಿ ಅಷ್ಟು ವಿವರವಾಗಿ ಬರೆದವರು ಬಾಣಂತನದಲ್ಲೇ ಹೋದರು. ಇದನ್ನು ಓದಿದ ದಿನ ನಾನು ಬೇರೆ ಏನನ್ನೂ ಓದಲಿಲ್ಲ.

ಅವರ ಹೆಸರು ಊರೂರಿಗೆ ತಲುಪಿದ್ದು ಆಮೇಲೆ, ಸಿನಿಮಾದಿಂದ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವೇ 1967ರ ‘ಬೆಳ್ಳಿಮೋಡ’. ವಿಧವಾ ವಿವಾಹದ ಕಥೆಯ ‘ಹಣ್ಣೆಲೆ ಚಿಗುರಿದಾಗ’ 1968ರಲ್ಲಿ ರಾಜ್‌ಕುಮಾರ್, ಕಲ್ಪನಾ ಜೋಡಿಯಲ್ಲಿ ಬಂತು. 1971ರಲ್ಲಿ ‘ಶರಪಂಜರ’. ಕಾವೇರಿ ಎಂದರೆ ಕಲ್ಪನಾ ಎಂದೇ ನಮ್ಮ ಅಮ್ಮಂದಿರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. 1993ರಲ್ಲಿ ‘ಹೂವು ಹಣ್ಣು’ ಕೂಡ ಚಿತ್ರವಾಯಿತು. ಇದರಲ್ಲಿ ಒಂದನ್ನೂ ತ್ರಿವೇಣಿ ನೋಡಲಿಲ್ಲ. ಹೊನ್ನಾಳಿ ಗೆಳತಿಯ ಅಮ್ಮ ಸಿನಿಮಾ ನೋಡಿ ಬಂದ ಮೇಲೆ ಪುಸ್ತಕ ಹುಡುಕಿಕೊಂಡು ಹೋಗಿ ತಂದವರಂತೆ. ನಾನು ಪುಸ್ತಕ ಓದಿ ಸಿನಿಮಾ ನೋಡಿದೆ. ಕಲ್ಪನಾ ಅಭಿನಯಕ್ಕೆ ಎದುರಿಲ್ಲ. ಆದರೆ ಪುಸ್ತಕದ ಕಾವೇರಿ ಇನ್ನೂ ಮೆಲ್ಲಗೆ ಮುರಿಯುತ್ತಾಳೆ, ನನಗೆ ಅವಳೇ ಹೆಚ್ಚು.

ಓದಬೇಕೆನ್ನುವವರು ‘ಬೆಳ್ಳಿಮೋಡ’ದಿಂದ ಶುರುಮಾಡಿ, ಬೇಗ ಓದಿಸಿಕೊಳ್ಳುತ್ತದೆ. ‘ಶರಪಂಜರ’ವನ್ನು ಪರೀಕ್ಷೆಯ ಹಿಂದಿನ ವಾರ ಮುಟ್ಟಬೇಡಿ. ‘ಬೆಕ್ಕಿನ ಕಣ್ಣು’ ಸದ್ಯ ಚನ್ನಗಿರಿಯಲ್ಲಿದೆ. ಥ್ರಿಲ್ಲರ್ ಬಿಟ್ಟು ಬೇರೇನೂ ಮುಟ್ಟದವಳು ಹದಿನೈದು ದಿನದಿಂದ ಅದನ್ನು ವಾಪಸ್ ಕೊಡುತ್ತಿಲ್ಲ.