ಸಾಲ ತೀರಿಸಿದ ಹೂವಿನ ಚಿತ್ರಗಳು

ಎಲಿಜಬೆತ್ ಬ್ಲ್ಯಾಕ್‌ವೆಲ್ ಸುಮಾರು 300 ವರ್ಷಗಳ ಹಿಂದೆ ಲಂಡನ್ನಿನಲ್ಲಿದ್ದ ಚಿತ್ರಗಾರ್ತಿ. ಗಂಡ ಅಲೆಕ್ಸಾಂಡರ್ ಸಾಲ ತೀರಿಸಲಾಗದೆ ಜೈಲು ಸೇರಿದರು. ಇನ್ನು ಮನೆ ನಡೆಸೋದು ಹೇಗೆ? ಎಲಿಜಬೆತ್ ಅಳುತ್ತಾ ಕೂರಲಿಲ್ಲ. ಚೆಲ್ಸಿಯ ಔಷಧಿ ತೋಟದ ಹತ್ತಿರ ಮನೆ ಹಿಡಿದು, ಅಲ್ಲಿನ ಗಿಡಗಳನ್ನು ಹೂವು, ಬೀಜ ಸಮೇತ ನೋಡಿ ಚಿತ್ರ ಬರೆದರು. ಅದನ್ನು ತಾಮ್ರದ ತಗಡಿನ ಮೇಲೆ ತಾವೇ ಕೊರೆದರು. ಅಚ್ಚಾದ ಹಾಳೆಗಳಿಗೆ ಕೈಯಿಂದಲೇ ಬಣ್ಣ ತುಂಬಿದರು. ಮೂವರು ಮಾಡೋ ಕೆಲಸ ಒಬ್ಬರೇ ಮಾಡಿದ್ರು! ಬೇರೆ ಬೇರೆ ಭಾಷೆಗಳಲ್ಲಿ ಗಿಡಗಳ ಹೆಸರನ್ನು ಗಂಡ ಜೈಲಿನಿಂದಲೇ ಒದಗಿಸಿದರು. ವಾರಕ್ಕೆ 4ರಂತೆ, 1737ರಿಂದ 1739ರೊಳಗೆ 500 ಚಿತ್ರಗಳು ಹೊರಬಂದವು. ಔಷಧಿ ಮಾಡುವವರಿಗೆ ಗಿಡ ಗುರುತಿಸಲು ಇವು ನೆರವಾದವು. ಈ ದುಡಿಮೆಯ ಹಣದಿಂದಲೇ ಗಂಡನ ಬಿಡುಗಡೆ ಆಯಿತು. ಎಲಿಜಬೆತ್ 1758ರಲ್ಲಿ ತೀರಿಕೊಂಡರು. ಕಲಿತ ವಿದ್ಯೆ ಕಷ್ಟಕಾಲದಲ್ಲಿ ಕೈ ಬಿಡಲ್ಲ ಅನ್ನೋದಕ್ಕೆ ಇವರೇ ಸಾಕ್ಷಿ.